ಹಡಗಲಿಯಿಂದ ಹೂ ತಂದವರು

ಹಗರಿಬೊಮ್ಮನಹಳ್ಳಿ
ಮಂಗಳವಾರ, ೨೩ ಏಪ್ರಿಲ್ ೨೦೨೪

ನನ್ನ ಹಡೆದವ್ವನಿಗೆ, ನಿನ್ನ ಶೈಲಾ ಕಾಲು ಮುಟ್ಟಿ ಬರೆಯುವುದು.

ಫೋನ್ ಇದ್ದೂ ಇವಳಿಗೆ ಕಾಗದ ಬರೆಯುವ ಹುಚ್ಚು ಯಾಕೆ ಹಿಡಿಯಿತು ಅನ್ನಬೇಡ. ಫೋನಿನಲ್ಲಿ ನಾವಿಬ್ಬರೂ ಊಟಕ್ಕೇನು, ನಲ್ಲಿ ಬಂತಾ ಅನ್ನುವುದರಲ್ಲೇ ಮುಗಿಸುತ್ತೇವೆ. ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ. ಮೂರು ವಾರದಿಂದ ಉಳಿದಿದೆ.

ಅವತ್ತು ಅಪ್ಪಾಜಿ ಇಲ್ಲಿಂದ ಹೋಗಿ ನಿನಗೆ ಏನು ಹೇಳಿದರೋ ಗೊತ್ತಿಲ್ಲ. ಮಗಳು ಚೆನ್ನಾಗಿದ್ದಾಳೆ ಎಂದಷ್ಟೇ ಹೇಳಿರುತ್ತಾರೆ. ಉಳಿದದ್ದನ್ನು ನಾನು ಹೇಳುತ್ತೇನೆ.

ನಮ್ಮ ಪ್ರಾರ್ಥನಾ ಕೂಟದಲ್ಲಿ ಸಾಕ್ಷಿ ಹೇಳುವ ಪದ್ಧತಿಯಿದೆ. ದೇವರು ತಮ್ಮ ಬಾಳಿನಲ್ಲಿ ಏನು ಮಾಡಿದನೆಂದು ಒಬ್ಬೊಬ್ಬರೇ ಎದ್ದು ಹೇಳಬೇಕು. ನನ್ನ ಬಾಳಿನಲ್ಲಿ ಹೇಳಿಕೊಳ್ಳುವಂಥ ಕಷ್ಟವೇ ಇರಲಿಲ್ಲವಲ್ಲ. ನಾನು ಯೇಸುವನ್ನು ನಂಬಿದ್ದೇನೆ, ಆ ನಂಬಿಕೆಯ ಮನೆತನಕ್ಕೇ ಮದುವೆಯಾಗಿ ಹೋಗುತ್ತೇನೆ ಎಂದಾಗ ಅಪ್ಪಾಜಿ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, "ನಿನ್ನ ದೇವ್ರು ನಿನಗ, ನನ್ನ ದೇವ್ರು ನನಗ. ತವರುಮನಿ ಅಂತೂ ನಿನಗ ಇದೊಂದೇ ಐತಿ," ಅಂದರು. ಇದನ್ನು ಹೇಳಿದರೆ ಯಾರು ಅಳುತ್ತಾರೆ? ಮೊದಲ ಸಲ ಅಪ್ಪಾಜಿ ಬೈದರು ಅಂದೆ. ಕೊಟ್ಟೂರಿನ ಕೂಟದಲ್ಲಿ ಅವರ ಕೈಗೆ ಕೋಲು ಕೊಟ್ಟೆ. ಕೂಡ್ಲಿಗಿಗೆ ಹೋಗುವಷ್ಟರಲ್ಲಿ ಉಟ್ಟ ಸೀರೆಯಲ್ಲೇ ನನ್ನನ್ನು ಹೊರಗೆ ದಬ್ಬಿಸಿದ್ದೆ. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ನನಗೂ ಅಳು ಬಂತು ಅವ್ವಾ, ನನ್ನ ಸುಳ್ಳನ್ನು ನಾನೇ ನಂಬಿದ್ದೆ. ಲೋಕದ ತಂದೆ ಬೇಡವೆಂದ, ಪರಲೋಕದ ತಂದೆ ಬಾ ಎಂದ ಎಂದು ಮುಗಿಸುತ್ತಿದ್ದೆ.

ಆ ಭಾನುವಾರ ಇದನ್ನೇ ಮೈಕಿನಲ್ಲಿ ಹೇಳಿ ಕಣ್ಣು ಬಿಟ್ಟರೆ ಬಾಗಿಲಲ್ಲಿ ಅಪ್ಪಾಜಿ. ಚಪ್ಪಲಿ ಹೊರಗೆ ಬಿಟ್ಟು, ಒದ್ದೆ ಬಟ್ಟೆಯಲ್ಲಿ ಕಟ್ಟಿದ ಮಲ್ಲಿಗೆಯನ್ನು ಎದೆಗವಚಿಕೊಂಡು, ತಮ್ಮದೇ ದೇವರ ಮುಂದೆ ನಿಂತಂತೆ ತಲೆಬಾಗಿ ನಿಂತಿದ್ದರು. ಯಾವಾಗ ಬಂದಿದ್ದರೋ. ಕೂಟ ಮುಗಿಯುತ್ತಲೇ ಮೆಟ್ಟಿಲಿಗೆ ಓಡಿದೆ. ಪಾಸ್ಟರ್ ಹೆಂಡತಿ ಭಾಗ್ಯಕ್ಕ ಹಿಂದೆಯೇ ಬಂದು ಇವರು ಯಾರೆಂದು ಕೇಳಿದರು. ಅಪ್ಪ ಅಂದರೆ ನನ್ನ ಸಾಕ್ಷಿಯ ಗತಿ?

"ಹಡಗಲಿಯಿಂದ ಹೂ ತಂದವ್ರು," ಅಂದೆ.

ಅಪ್ಪಾಜಿ ನನ್ನ ಮುಖ ನೋಡಿದರು. ಆಮೇಲೆ ಭಾಗ್ಯಕ್ಕನ ಕಡೆ ತಿರುಗಿ, "ಹೌದ್ರಿ, ಹೂ ಕೊಡಾಕ ಬಂದಿದ್ದೆ," ಎಂದು ಗಂಟನ್ನು ನನ್ನ ಕೈಗಿಟ್ಟು, ಬಾಡುತ್ತವೆ ನೀರು ಚಿಮುಕಿಸು ಎಂದು ಹೇಳಿ ಹೋದರು. ಅಷ್ಟು ದೂರದಿಂದ ಬಂದವರು ಒಂದು ಲೋಟ ನೀರೂ ಕುಡಿಯಲಿಲ್ಲ.

ತಾವು ಮಾರಿದ ಬುಟ್ಟಿಯ ತಳದಲ್ಲಿರುವುದು ನಿನ್ನೆಯ ಹೂ ಎಂದು ಕೊಂಡವರಿಗೆ ಹೇಳುವುದಕ್ಕೇ ಮಾರ್ಕೆಟ್ಟಿಗೆ ವಾಪಸ್ಸು ಹೋಗಿಬಂದ ಮನುಷ್ಯ ಅವರು. ನನ್ನ ಮಾನ ಉಳಿಸಲು ಅವತ್ತು ತಾವು ನನ್ನ ಅಪ್ಪ ಅನ್ನುವುದನ್ನೇ ನುಂಗಿಕೊಂಡರು. ಚಿಕ್ಕಂದಿನಲ್ಲಿ ಅವರು ಲಿಂಗಪೂಜೆಗೆ ಕೂತರೆ ನಾನು ಬಾಗಿಲ ಹತ್ತಿರ ಸುಳಿಯಲೂ ಹೆದರುತ್ತಿದ್ದೆ. ಪೂಜೆ ಮುಗಿಸಿ ಎದ್ದವರು ನನ್ನನ್ನು ಮುಂದೆ ಕೂರಿಸಿಕೊಂಡು ಜಡೆ ಹಾಕುತ್ತಿದ್ದರು. ದೇವರು ಪರಿಶುದ್ಧ, ಆದರೂ ತಂದೆ, ಹೆದರದೆ ಹತ್ತಿರ ಹೋಗು ಎಂದು ಭಾಗ್ಯಕ್ಕ ಕಲಿಸಿದಾಗ ನನಗದು ಒಂದೇ ಸಲಕ್ಕೆ ತಿಳಿಯಿತು. ಅಂಥವರ ಮನೆಯಲ್ಲೇ ಬೆಳೆದಿದ್ದೆನಲ್ಲ.

ಈಗ ಮೊಣಕಾಲೂರಿದರೆ ತಂದೆಯೇ ಅನ್ನಲು ನಾಲಿಗೆ ಏಳುವುದಿಲ್ಲ. ಕರ್ತನೇ ಅನ್ನುತ್ತೇನೆ, ದೇವರೇ ಅನ್ನುತ್ತೇನೆ, ಕಳ್ಳಿಯ ಹಾಗೆ ಸುತ್ತಿ ಬಳಸಿ ಹೋಗುತ್ತೇನೆ. ನನ್ನಂಥ ಪಾಪಿ ಇಲ್ಲ ಅವ್ವಾ.

ಮೊನ್ನೆ ಭಾನುವಾರ ಎಲ್ಲರೆದುರು ನಿಂತು ನಿಜ ಹೇಳಿದೆ. ಯಾರೂ ಅಳಲಿಲ್ಲ. ಕೆಲವರು ಮುಖ ತಿರುಗಿಸಿದರು. ನನಗಾಗಿ ಪ್ರಾರ್ಥಿಸಿ, ದೇವರು ಕ್ಷಮಿಸಲಿ ಎಂದು ಭಾಗ್ಯಕ್ಕನ ಕೈ ಹಿಡಿದರೆ ಅವರು ಮೆಲ್ಲಗೆ ಕೈ ಬಿಡಿಸಿಕೊಂಡರು. "ಪರಲೋಕದ ಅಪ್ಪನ ಹತ್ರ ಹೋಗೋ ದಾರಿ ನಿನಗ ಹಡಗಲಿ ಮ್ಯಾಲೇ ಐತಿ. ಮೊದ್ಲು ಬಸ್ ಹತ್ತು," ಅಂದರು.

ನಿನ್ನೆ ಬಸ್ ನಿಲ್ದಾಣದವರೆಗೆ ಹೋಗಿದ್ದೆ. ಹಡಗಲಿ ಬಸ್ಸು ನನ್ನೆದುರೇ ಹೊರಟುಹೋಯಿತು. ಹತ್ತಲಾಗಲಿಲ್ಲ. ಯಾವ ಮುಖ ಇಟ್ಟುಕೊಂಡು ಬರಲಿ ಹೇಳು.

ಇಂತಿ, ನಿನ್ನ ಹೊಟ್ಟೆಯಲ್ಲಿ ಹುಟ್ಟಿದ
ಶೈಲಾ

ತಾ.ಕ.: ಅವ್ವಾ, ನಿನಗೆ ಓದಲು ಬರುವುದಿಲ್ಲ ಎಂದು ಗೊತ್ತಿದ್ದೇ ನಿನ್ನ ಹೆಸರಿಗೆ ಬರೆದೆ. ಅಪ್ಪಾಜಿ, ಇಷ್ಟು ಹೊತ್ತು ಇದನ್ನು ಗಟ್ಟಿಯಾಗಿ ಓದಿ ಹೇಳುತ್ತಿರುವವರು ನೀವೇ ಎಂದು ಬಲ್ಲೆ. ನೇರವಾಗಿ ನಿಮಗೇ ಬರೆಯುವ ಧೈರ್ಯ ಬರಲಿಲ್ಲ. ಇನ್ನು ಒಂದೇ ಸಾಲಿದೆ. ನಿಮಗೆ ಬೇಡವಾದರೆ ಅದನ್ನು ಮನಸ್ಸಿನಲ್ಲೇ ಓದಿಕೊಂಡು ಕಾಗದ ಮಡಚಿಬಿಡಿ, ನಾನೇನೂ ಕೇಳುವುದಿಲ್ಲ. ಗಟ್ಟಿಯಾಗಿ ಓದಿದರೆ ಅವ್ವ ಆಗಲೇ ನನಗೆ ಫೋನ್ ಮಾಡುತ್ತಾಳೆ, ನನಗೆ ಗೊತ್ತಾಗುತ್ತದೆ.

ಭಾನುವಾರ ಬೆಳಿಗ್ಗೆ ಮನೆಗೆ ಬರಲೇ?