ಸಣ್ಣ ದೊರೆಯ ಮುಖ

ನಾರಾಯಣಖೇಡ
೩೧ ಅಕ್ಟೋಬರ್ ೨೦೧೧

ಚಿರಂಜೀವಿ ನಂದಕಿಶೋರನಿಗೆ,

ಅಕ್ಕ ಅನಸೂಯಾಬಾಯಿಯ ಆಶೀರ್ವಾದ. ಬೇಕಿದ್ದರೆ ಇಟ್ಟುಕೋ. ನನ್ನ ಹೆಸರು ಕಂಡರೆ ನೀನು ಫೋನು ಎತ್ತುವುದಿಲ್ಲ, ಅದಕ್ಕೇ ಕಾಗದ.

ದೀಪಾವಳಿಯ ಭಾವುಬೀಜದ ಬೆಳಿಗ್ಗೆ, ಅಣ್ಣತಮ್ಮಂದಿರಿಗೆ ಎಣ್ಣೆ ಹಚ್ಚಿ ಎರೆದು ಆರತಿ ಎತ್ತಲೆಂದು, ಅವ್ವ ಎರಡು ಮಣೆ ಹಾಕಿಸಿದಳು. ತೆಲಂಗಾಣ ರಾಜ್ಯಕ್ಕಾಗಿ ನೌಕರರು ಕೆಲಸ ನಿಲ್ಲಿಸಿ ಹೂಡಿದ್ದ ಸಮ್ಮೆ ಮುಗಿದಿದೆ, ಬಸ್ಸು ಓಡುತ್ತಿವೆ, ಅಣ್ಣ ತಮ್ಮ ಇಬ್ಬರೂ ಜಹೀರಾಬಾದಿನ ಒಂದೇ ಆಫೀಸಿನವರು, ಒಂದೇ ಬಸ್ಸಿಗೆ ಬರುತ್ತಾರೆ ಎಂದು ಅವಳ ನಂಬಿಕೆ. ಎಣ್ಣೆ, ನೀರು ಕಾಯಿಸಿಟ್ಟು ಮಧ್ಯಾಹ್ನದವರೆಗೆ ಕಾದೆವು. ಯಾರೂ ಬರಲಿಲ್ಲ. ಹಬ್ಬ ಬರಿದೇ ಹೋಗಬಾರದು, ದೊರೆಗಳನ್ನಾದರೂ ಮಣೆಗೆ ಕೂಡಿಸು ಎಂದಳು ಅವ್ವ.

ಯಾವ ದೊರೆಗಳು ಎಂದು ನಿನಗೆ ಹೇಳಬೇಕಿಲ್ಲ. ಆದರೂ ಹೇಳುತ್ತೇನೆ, ನೀನು ಮರೆತಂತಿದೆ. ಮುತ್ತಜ್ಜ ಮುನ್ಷಿಯಾಗಿದ್ದ ಜಾಗೀರಿನ ದೊರೆ ತನ್ನ ಇಬ್ಬರು ಮಕ್ಕಳನ್ನು ಅಂಗೈಯಗಲದ ದಂತದ ಬಿಲ್ಲೆಯ ಮೇಲೆ ಬರೆಸಿ ಕೊಟ್ಟ ಚಿತ್ರ. ಮುತ್ತಿನ ಟೊಪ್ಪಿಗೆಯ ಆ ಹುಡುಗರೇ ನಮ್ಮ ದೊರೆಗಳು. ದೊಡ್ಡ ದೊರೆಯ ಕೈ ಸಣ್ಣ ದೊರೆಯ ಹೆಗಲ ಮೇಲೆ. ಚಿಕ್ಕವನಿದ್ದಾಗ, ದೊಡ್ಡ ದೊರೆ ನಾನೇ ಆಗಬೇಕು ಎಂದು ಅಣ್ಣನ ಕೈಯಿಂದ ಎಳೆದಾಡಿ ಅದರ ಗಾಜು ಒಡೆದವನು ನೀನು.

ಗಾಜಿಲ್ಲದ ಆ ಚಿತ್ರಕ್ಕೆ, ನಿಮ್ಮ ಮೇಲಿನ ಸಿಟ್ಟಿನಲ್ಲಿ, ಎಣ್ಣೆ ಹಚ್ಚಿ ಬಿಸಿನೀರು ಹೊಯ್ದೆ. ನೀರುಬಣ್ಣವೆಂದು ನನಗೇನು ಗೊತ್ತು? ಸಣ್ಣ ದೊರೆಯ ಮುಖ ಕರಗಿ ಮಣೆಯ ಮೇಲೆ ಹರಿಯಿತು. ಅಣ್ಣನ ಕೈ ಮಾತ್ರ ಹಾಗೇ ಉಳಿದಿದೆ. ಕಣ್ಣು ಕಾಣದ ಅವ್ವ, ಇಬ್ಬರ ಮುಖಕ್ಕೂ ಕಳೆ ಬಂತೇನು ಎಂದು ಕೇಳಿದಳು. ಬಂತು ಎಂದು ಹೇಳಿ ಆರತಿ ಎತ್ತಿದೆ.

ಸಂಜೆ ಮಲ್ಲಿಕಾರ್ಜುನಣ್ಣ ಒಬ್ಬನೇ ಬಂದ. ಚಿತ್ರ ನೋಡಿ, ಹಳೆ ಬಣ್ಣ ಎಷ್ಟು ದಿನ ಇದ್ದೀತು ಎಂದ. ನಿನ್ನ ಸುದ್ದಿ ಕೇಳಿದರೆ, ಚೆನ್ನಾಗಿದ್ದಾನೆ, ಕೆಲಸ ಬಹಳ ಎಂದ. ಉಂಡು, ಅವ್ವನ ಕಾಲು ಮುಟ್ಟಿ ಹೋದ.

ನಡೆದದ್ದನ್ನು ಹೇಳಿದವಳು ಅಣ್ಣನಲ್ಲ, ಅವನ ಹೆಂಡತಿ ರಂಜನಾ ವೈನಿ, ನಿನ್ನೆ ಫೋನಿನಲ್ಲಿ. ವಿಧವೆಯರ ಪಿಂಚಣಿ ನಿಲ್ಲಬಾರದೆಂದು ಅಣ್ಣ ಸಮ್ಮೆಯಲ್ಲೂ ಆಫೀಸಿನ ಬಾಗಿಲು ತೆಗೆದನಂತೆ. ನೀನು ಗುಂಪು ಕಟ್ಟಿಕೊಂಡು ಹೋಗಿ, ಅವನ ಮೇಜಿನ ಮೇಲೆ ಹಸಿರು ಬಳೆ ಸುರಿದು, ತೊಟ್ಟುಕೊಂಡು ಕೂಡು ಎಂದೆಯಂತೆ. ಪ್ರತಿ ಭಾವುಬೀಜಕ್ಕೆ ನನಗೆ ತರುತ್ತಿದ್ದ ಬಳೆ ಈ ವರ್ಷ ಅಣ್ಣನಿಗೆ ಹೋದವು.

ಜೈ ತೆಲಂಗಾಣ ಎಂದು ನಾನೂ ಚೌಕದಲ್ಲಿ ನಿಂತು ಕೂಗಿದ್ದೇನೆ. ರಾಜ್ಯ ನನಗೂ ಬೇಕು. ಆದರೆ ಅಪ್ಪ ಸತ್ತ ಮೇಲೆ ತನ್ನ ಓದು ಬಿಟ್ಟು ನಿನ್ನನ್ನು ಓದಿಸಿದವನು ಅವನು. ಅವನಿಗೆ ಬಳೆ ತೊಡಿಸಲು ಹೊರಟೆಯಲ್ಲ!

ಮಣೆಗಳನ್ನು ಎತ್ತಿಡಲು ಅವ್ವ ಬಿಡುತ್ತಿಲ್ಲ. ಬರುವುದಾದರೆ ಅಣ್ಣನನ್ನು ಕರೆದುಕೊಂಡು ಬಾ. ಒಬ್ಬನೇ ಬಂದರೆ ನಾನು ಬಾಗಿಲು ತೆಗೆಯುವುದಿಲ್ಲ.

ಇನ್ನೂ ನಿನ್ನ ಅಕ್ಕನೇ ಆದ,
ಅನಸೂಯಾಬಾಯಿ

ತಾ.ಕ.: ಅಂದು ಸಂಜೆ ಅಣ್ಣ ಒಂದು ಪೊಟ್ಟಣ ಬಿಚ್ಚಿ ಹಸಿರು ಬಳೆ ಕೊಟ್ಟ. "ನಂದಕಿಶೋರ ನಿನಗಂತ ಕಳಸ್ಯಾನ, ತೊಟ್ಕೋ" ಅಂದ. ತಮ್ಮ ನನ್ನನ್ನು ಮರೆತಿಲ್ಲ ಎಂದು ಹಿಗ್ಗಿ, ಓಣಿಗೆಲ್ಲ ತೋರಿಸಿ ಬಂದೆ. ಅವು ಯಾವ ಬಳೆ ಎಂದು ವೈನಿಯ ಫೋನು ಬಂದ ಮೇಲೆ ತಿಳಿಯಿತು. ಈಗ ತೆಗೆದಿಟ್ಟರೆ, ಬಳೆಯ ಸದ್ದು ಯಾಕಿಲ್ಲ ಎಂದು ಅವ್ವ ಕೇಳುತ್ತಾಳೆ. ಹಾಗಾಗಿ ಇನ್ನೂ ಕೈಯಲ್ಲೇ ಇವೆ.