ಮೂರನೇ ಮಹಡಿಗೆ ಒಂದೇ ಅಡುಗೆಮನೆ

ಪರಮಪೂಜ್ಯ, ನಮ್ಮ ವಸತಿ ಸಹಕಾರ ಸಂಘದ ಮಹಾಮಂತ್ರಿಣಿ, ಅನ್ನ ಸೀಯಿಸುವುದರಲ್ಲಿ ನಿಸ್ಸೀಮಳಾದ ಒಂದೀನಾ ಅಜ್ಜಿಯ ಪಾದಗಳಿಗೆ,

ನೀನು ತೀರಿಕೊಂಡ ಮೇಲೆ ಮನೆ ಹಂಚುವ ಚೀಟಿ ಎತ್ತಿದರು. ಮೊಂತೆವಿದೇವೊದ ಆ ಹಳೇ ಉಣ್ಣೆ ಗೋದಾಮು ಈಗ ನಿಜಕ್ಕೂ ಮನೆಗಳಾಗಿದೆ, ಅಜ್ಜಿ. ಯಾವ ಮನೆ ಯಾರ ಪಾಲಿಗೋ ಗೊತ್ತಿಲ್ಲದೆ ಎಲ್ಲರೂ ಎಲ್ಲರ ಗೋಡೆ ಕಟ್ಟಿದೆವಲ್ಲ, ಹಾಗಾಗಿ ಒಂದು ಗೋಡೆಯೂ ಸೊಟ್ಟಗಿಲ್ಲ. ಸೊಟ್ಟಗಿರುವುದು ನನ್ನ ಮುಖ ಮಾತ್ರ.

ನಕ್ಷೆಯ ಸಭೆ ನೆನಪಿದೆಯಾ? ಒಂಟಿ ಜನಕ್ಕೆ ಚಿಕ್ಕ ಕೋಣೆ ಸಾಕು, ಅಡುಗೆಮನೆ ಮಹಡಿಗೊಂದೇ ಇರಲಿ, ಆಗ ಊರೊಳಗೆ ಬಾಡಿಗೆ ಕೊಡಲಾಗದವರಿಗೂ ಜಾಗ ಸಿಗುತ್ತದೆ ಎಂದು ನೀನು ಹಟ ಹಿಡಿದೆ. ನಾನು ಒಂಟಿ ಕೋಣೆಯ ಅಳತೆಗೆಂದು ನೆಲದ ಮೇಲೆ ಎಳೆದಿದ್ದ ಸೀಮೆಸುಣ್ಣದ ಗೆರೆಯೊಳಗೆ ಹೆಣದಂತೆ ಮಲಗಿ, "ಸಭಾಸದರೇ, ಅಳತೆ ಸರಿಯಾಗಿದೆ, ಹೂವು ತನ್ನಿ" ಅಂದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನೀನು ಚಪ್ಪಲಿ ತೆಗೆದೆ. "ಎದ್ದೇಳೋ ಕೋತಿ! ಒಂಟಿಯಾಗಿ ಮಲಗಬಹುದು, ಒಂಟಿಯಾಗಿ ಉಣ್ಣೋದು ಬಲು ಕಷ್ಟ ಕಣೋ. ನಿನಗೇನು ಗೊತ್ತು, ಬಡಿಸೋಕೆ ನಾನಿದೀನಿ!"

ನಮ್ಮಿಬ್ಬರಿಗೆ ಎರಡು ಕೋಣೆಯ ಮನೆ ಎಂದು ನಿಗದಿಯಾಗಿತ್ತು. ಈಗ ನಾನೊಬ್ಬನೇ, ಒಬ್ಬನಿಗೆ ಒಂದೇ ಕೋಣೆ ಎಂಬುದು ನಿಯಮ. ಆ ಎರಡು ಕೋಣೆಯ ಮನೆಗೆ ಸರದಿಯಲ್ಲಿ ಮುಂದಿದ್ದವಳು ಯೆಸಿಕಾ, ತುಂಬು ಬಸುರಿ, ಅತ್ತೆಮನೆಯ ನಡುಮನೆಯಲ್ಲಿ ಗಂಡನ ಜೊತೆ ಹಾಸಿಕೊಂಡು ಮಲಗುವವಳು. ಆದರೂ ನನಗೆ ಬಿಡಲು ಮನಸ್ಸಿರಲಿಲ್ಲ. ಸಭೆಯಲ್ಲಿ ಎದ್ದು ಗಂಟಲು ಸರಿಮಾಡಿಕೊಂಡು, "ಮಹಾಜನಗಳೇ, ಅಜ್ಜಿ ಎಲ್ಲೂ ಹೋಗಿಲ್ಲ, ಬರೋದು ಸ್ವಲ್ಪ ತಡ ಆಗ್ತಿದೆ ಅಷ್ಟೇ" ಎಂದು ಶುರುಮಾಡಿದೆ. ಯಾರೂ ನಗಲಿಲ್ಲ.

ಅಧ್ಯಕ್ಷ ಎಲ್ಬಿಯೊ ತಲೆತಗ್ಗಿಸಿ, "ಸಾಕು ಮಗಾ" ಅಂದ. ಯೆಸಿಕಾ ಮಾತ್ರ, "ಇರಲಿ ಬಿಡಿ ಎಲ್ಬಿಯೊಣ್ಣ, ಅವನ ಅಜ್ಜಿ ಬೆವರು ಸುರಿಸಿದ ಮನೆ. ನಾವು ಇನ್ನಷ್ಟು ದಿನ ಹೇಗೋ ತಳ್ತೀವಿ" ಅಂದಳು. ಅವಳು ಒಂದು ಬೈಗುಳ ಬೈದಿದ್ದರೆ ನಾನು ಗೆದ್ದುಬಿಡುತ್ತಿದ್ದೆ, ಅಜ್ಜಿ. ಬೈಯಲಿಲ್ಲ. ಮನೆ ಅವಳಿಗೆ ಕೊಡಿ ಎಂದು ಮೊದಲು ಕೈ ಎತ್ತಿದವನು ನಾನೇ. ಆಮೇಲೆ ಹೋಗಿ ಒಂಟಿಗಳ ಚೀಟಿ ಡಬ್ಬಿಗೆ ಕೈ ಹಾಕಿದೆ.

ಮೂರನೇ ಮಹಡಿ ಬಂತು. ಕಿಟಕಿ ತೆರೆದರೆ ಪಕ್ಕದ ಗೋಡೆ. ಅಡುಗೆಮನೆಯ ನಡುವೆ ನೀನು ನಕ್ಷೆಯಲ್ಲಿ ಬರೆಸಿದ ಉದ್ದನೆಯ ಮೇಜಿದೆ. ಆರು ಜನ ಇದ್ದೇವೆ. ಒಬ್ಬೊಬ್ಬರೇ ಬರುತ್ತಾರೆ, ಬೇಯಿಸಿಕೊಳ್ಳುತ್ತಾರೆ, ತಟ್ಟೆ ಎತ್ತಿಕೊಂಡು ಹೋಗಿ ಬಾಗಿಲು ಹಾಕಿಕೊಳ್ಳುತ್ತಾರೆ. ಮೇಜು ಬರೆಸಿದೆ, ಕೂರುವವರನ್ನು ಬರೆಸಲು ಮರೆತೆಯಲ್ಲೇ ಅಜ್ಜಿ.

ಈಗಲೂ ಒಬ್ಬನೇ ಕೂತಿದ್ದೇನೆ. ಮುಂದೆ ಬೇಳೆಯ ಗಂಜಿ. ಬೇಕೆಂದೇ ಸೊರ್ ಸೊರ್ ಎಂದು ಇಡೀ ಮಹಡಿಗೆ ಕೇಳುವಂತೆ ಹೀರುತ್ತಿದ್ದೇನೆ. ಬೈಯುವುದಕ್ಕಾದರೂ ಯಾರಾದರೊಬ್ಬರು ಬಾಗಿಲು ತೆಗೆಯಲಿ ಅಂತ.

ನೀನಿರುವಲ್ಲಿ ಪಂಕ್ತಿ ತುಂಬಿರಲಿ.

ನಿನ್ನ ಮೊಮ್ಮಗ,
ನಾವುಯೆಲ್