ಸುಣ್ಣದ ಗೆರೆ

ತಾಯಲೂರು
೧೨ ಜುಲೈ ೨೦೨೨

ಧನಶ್ರೀ,

ದೊಡ್ಡವರು ಮಾತಾಡುತ್ತಿರುವಾಗ ಫೋನು ಕುಕ್ಕುವುದನ್ನು ಯಾರಿಂದ ಕಲಿತೆಯೇ? "ಕಂಪನೀಲಿ ಖಾಯಂ ಮಾಡ್ಲಿ ಅಜ್ಜಿ, ಆಮೇಲೆ ತೋರಿಸ್ಕೋತೀನಿ" ಅಂದೆಯಲ್ಲ, ನಿನ್ನ ಎದೆಯ ಗಂಟೇನು ನಿನ್ನ ಮೇನೇಜರು ಹೇಳಿದ ಹಾಗೆ ಕೇಳುತ್ತದೆಯೇ? ಯುಗಾದಿಗೆ ಬಂದಾಗ, ಬಚ್ಚಲಲ್ಲಿ ಬೆನ್ನುಜ್ಜುತ್ತಿದ್ದ ನನ್ನ ಕೈ ಹಿಡಿದು ನೀನೇ ಮುಟ್ಟಿಸಿದೆ. ಮೂರು ತಿಂಗಳು ಕಳೆಯಿತು.

ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಮೂರನೇ ಕ್ಲಾಸಿನ ಅಕ್ಷರ, ಅದರ ಮೇಲೆ ಕಣ್ಣಿಗೆ ಪೊರೆ. ಫೋನಿನಲ್ಲೇ ಎಲ್ಲ ಹೇಳೋಣವೆಂದರೆ ನಿಮ್ಮಮ್ಮ ಪಕ್ಕದಲ್ಲೇ ಮಲಗಿರುತ್ತಾಳೆ. ನಿನ್ನದು ಅವಳಿಗಿನ್ನೂ ಗೊತ್ತಿಲ್ಲ.

ಹಿಪ್ಪುನೇರಳೆ ಚೆನ್ನಾಗಿ ಚಿಗುರಿದೆ, ಆದರೆ ಈ ಸಲ ರೇಷ್ಮೆ ಹುಳ ತಂದಿಲ್ಲ. ಸೊಪ್ಪು ಕೊಯ್ಯುತ್ತಿದ್ದ ನಿಮ್ಮಮ್ಮನ ಬಲಗೈ ಊದಿ ದಿಂಬಿನಂತಾಗಿದೆ. ಐದನೇ ಸಲ ಕ್ಯಾನ್ಸರಿನ ಔಷಧಿ ಏರಿಸಿದ ಮೇಲೆ ತಲೆಯಲ್ಲಿ ಒಂದು ಕೂದಲಿಲ್ಲ. ಮೊನ್ನೆ "ಅತ್ತಾ, ಹೇನು ನೋಡೋ ಕೆಲಸ ತಪ್ತಲ್ಲ ನಿಮಗೆ" ಅಂದು ನಕ್ಕಳು. ನಾನು ಒಲೆ ಊದುವ ನೆಪದಲ್ಲಿ ಒಳಗೆ ಹೋದೆ. ಗ್ಯಾಸ್ ಒಲೆ ಕಣೇ, ಊದುವುದೇನನ್ನು!

ಹೋದ ವಾರ ಕೋಲಾರದ ಡಾಕ್ಟರಮ್ಮ ನಿಮ್ಮಪ್ಪನನ್ನು ಪಕ್ಕಕ್ಕೆ ಕರೆದಳು. ನನ್ನನ್ನು ಕರೆಯಲಿಲ್ಲ, ನಾನೇ ಹೋದೆ.

"ಬೆನ್ನುಮೂಳೆಗೂ ಹೋಗಿದೆ. ಎರಡು ವರ್ಷ ಮುಂಚೆ ತಂದಿದ್ರೆ ಇಷ್ಟಾಗ್ತಿರ್ಲಿಲ್ಲ."

"ಆಗ ಕೊರೋನ ಅಲ್ವಾ ಮೇಡಂ? ಬಸ್ಸಿರ್ಲಿಲ್ಲ" ಅಂದ ನಿಮ್ಮಪ್ಪ.

"ದಿನಾ ಇದೇ ಮಾತು ಕೇಳ್ತೀನಿ" ಅಂದಳು ಡಾಕ್ಟರಮ್ಮ. ಆಮೇಲೆ, "ಹೆಣ್ಣು ಮಕ್ಕಳಿದ್ದಾರಾ?" ಅಂದಳು. ನಿಮ್ಮಪ್ಪ ಹೆಮ್ಮೆಯಿಂದ ನಿನ್ನ ಹೆಸರು, ಲಕ್ಕೂರಿನ ಕೆಲಸ ಎಲ್ಲ ಹೇಳಿದ. "ಅವಳನ್ನೂ ಒಂದ್ಸಲ ಕರ್ಕೊಂಡ್ಬನ್ನಿ" ಅಂದಾಗ ನಿನ್ನ ಗಂಟಿನ ಮಾತು ನನ್ನ ಬಾಯಿಂದ ಹೊರಡಲಿಲ್ಲ. ನನ್ನ ನಾಲಿಗೆ ಎಂಥದೆಂದು ನಿನಗೆ ಗೊತ್ತಲ್ಲ.

ದೇವರು ನಿನ್ನನ್ನು ತಣ್ಣಗಿಟ್ಟಿರಲಿ, ನನ್ನ ಆಯಸ್ಸೂ ನಿನಗೇ ಸೇರಲಿ.

ನಿನ್ನ ಅಜ್ಜಿ
ಮುತ್ಯಾಲಮ್ಮ

ಇನ್ನೊಂದು ಮಾತು. ಮೇಲೆ ಬರೆಯಲು ಕೈ ಬರಲಿಲ್ಲ.

ಬಸ್ಸಿರಲಿಲ್ಲ, ನಿಜ. ಆದರೆ ಗಾಡಿ ಬಂದಿತ್ತು. ಮೊದಲ ಕೊರೋನದ ಬೇಸಿಗೆಯಲ್ಲಿ ನಿಮ್ಮಮ್ಮ ಹುಳುಮನೆಯಲ್ಲಿ ಸೆರಗು ಸರಿಸಿ, "ಚೂಡತ್ತಾ, ಇಲ್ನೋಡಿ, ಏನೋ ಗಟ್ಟಿಗಿದೆ" ಅಂದಿದ್ದಳು. ಹುಣಸೆಬೀಜದಷ್ಟಿತ್ತು. ಆಶಾ ಕೆಲಸದ ಸುನಂದಳಿಗೂ ಹೇಳಿದ್ದಳಂತೆ. ಅವಳು ಆಸ್ಪತ್ರೆಗೆ ಗಾಡಿ ಕರೆಸಿಕೊಂಡು ಬಂದು "ಬಾ ಆದಿಲಕ್ಷ್ಮಕ್ಕಾ" ಎಂದು ಬೀದಿಯಿಂದಲೇ ಕೂಗಿದಳು. ಹೊರಗಿನವರು ರೋಗ ತರದಂತೆ ಹುಳುಮನೆಗೆ ಎಳೆಯುವ ಸುಣ್ಣದ ಗೆರೆಯನ್ನು ನಾನು ನಮ್ಮ ಹೊಸಿಲಿಗೂ ಎಳೆದಿದ್ದೆ. ನಿಮ್ಮಮ್ಮ ಒಂದು ಕಾಲು ಗೆರೆಯಾಚೆ ಇಟ್ಟಿದ್ದಳು. ರಟ್ಟೆ ಹಿಡಿದು ಒಳಗೆಳೆದೆ. "ಕೊರೋನ ತಂದು ಎಲ್ರನ್ನೂ ಸಾಯಿಸ್ತೀಯಾ? ಹುಳ ಗೂಡು ಕಟ್ಲಿ, ಆಮೇಲೆ ಹೋಗು" ಅಂದೆ.

ಹುಳ ಗೂಡು ಕಟ್ಟಿತು. ನೋವಿಲ್ಲವಲ್ಲ ಎಂದು ಅವಳು ಸುಮ್ಮನಾದಳು. ಗಂಟೇನಾಯಿತೆಂದು ನಾನು ಕೇಳಲಿಲ್ಲ. ಬಾಡಿದ ಹುಳ ಕಂಡರೆ ಆ ಕ್ಷಣವೇ ಆರಿಸಿ ತೆಗೆಯುವವಳು, ಕೇಳಲಿಲ್ಲ. ನಾನು ತಡೆದೆನೆಂದು ಅವಳು ಇವತ್ತಿಗೂ ನಿಮ್ಮಪ್ಪನಿಗೆ ಹೇಳಿಲ್ಲ.

ಆವತ್ತು ನಾನಾಡಿದ ಮಾತನ್ನೇ ನೀನು ಫೋನಿನಲ್ಲಿ ಆಡಿದೆ. ನಾಳೆಯೇ ರಜೆ ಹಾಕು. ಡಾಕ್ಟರು ಏನಂದರೆಂದು, ಚೀಟಿ ಸಮೇತ, ಮುಂದಿನ ತಿಂಗಳು ಹುಟ್ಟುವ ಮುಂಚೆ ನನಗೆ ಉತ್ತರ ಬರಬೇಕು.